ಇನ್ನೂ ಹುಟ್ಟದವರ ಮೇಲೆ ನಮಗೇಕೆ ಅಕ್ಕರೆ?

ಗದಗ, ಲಕ್ಕುಂಡಿ, ಅಣ್ಣಿಗೇರಿ, ಹಾನಗಲ್ಲು, ಬಂಕಾಪುರ. ಈ ಕಡೆಯ ಹಳೇ ಗುಡಿಗಳಿಗೆ ಹೋದರೆ ಶಾಸನದ ಕಲ್ಲುಗಳು ಕಣ್ಣಿಗೆ ಬೀಳುತ್ತವೆ. ಮೇಲೆ ಸೂರ್ಯ, ಚಂದ್ರ, ಆಕಳು-ಕರು. ಕೆಳಗೆ ಹಳಗನ್ನಡದ ಸಾಲುಗಳು. ಯಾರು ಕೊಟ್ಟರು, ಯಾರಿಗೆ ಕೊಟ್ಟರು, ಎಷ್ಟು ಮತ್ತರು ಭೂಮಿ, ಯಾವ ದಿಕ್ಕಿಗೆ ಯಾವ ಗಡಿ ಎಂಬ ವಿವರ. ಇದೆಲ್ಲ ಮುಗಿದ ಮೇಲೆ ಬರುವ ಮಾತು ನನಗೆ ಬಹಳ ಹಿಡಿಸುತ್ತದೆ. ಎಷ್ಟೋ ದಾನಶಾಸನಗಳ ಕೊನೆಯಲ್ಲಿ ಒಂದು ಸಂಸ್ಕೃತ ಶ್ಲೋಕ ಇರುತ್ತದೆ. ಅದರ ಅರ್ಥ ಹೀಗೆ: ಧರ್ಮದ ಈ ಸೇತುವೆ ಎಲ್ಲ ಅರಸರಿಗೂ ಸೇರಿದ್ದು, ಕಾಲಕಾಲಕ್ಕೆ ನೀವು ಇದನ್ನು ಕಾಪಾಡಬೇಕು, ಮುಂದೆ ಬರಲಿರುವ ಎಲ್ಲ ರಾಜರನ್ನೂ ರಾಮಚಂದ್ರ ಮತ್ತೆ ಮತ್ತೆ ಬೇಡಿಕೊಳ್ಳುತ್ತಾನೆ.

ಕಲ್ಲು ಕೆತ್ತಿಸಿದವರು ಇಲ್ಲಿ ಮಾತಾಡುತ್ತಿರುವುದು ಇನ್ನೂ ಹುಟ್ಟದವರ ಜೊತೆ. ಬೇಡಿಕೊಂಡರೆ ಸಾಲದು ಅಂತ ಶಾಪವನ್ನೂ ಹಾಕಿರುತ್ತಾರೆ. ಇದನ್ನು ಕಸಿದವನು ವಾರಣಾಸಿಯಲ್ಲಿ ಕವಿಲೆ ಆಕಳನ್ನು ಕೊಂದ ಪಾಪಕ್ಕೆ ಹೋಗುತ್ತಾನೆ, 60 ಸಾವಿರ ವರ್ಷ ಹೊಲಸಿನಲ್ಲಿ ಹುಳುವಾಗಿ ಹುಟ್ಟುತ್ತಾನೆ. ಇನ್ನೊಂದು ಶ್ಲೋಕ ನಯವಾಗಿ ಹೇಳುತ್ತದೆ: ದಾನ ಕೊಡುವುದಕ್ಕಿಂತ, ಕೊಟ್ಟದ್ದನ್ನು ಕಾಪಾಡುವುದು ದೊಡ್ಡದು.

ತಾವು ಎಂದೂ ಕಾಣದ ಜನರ ಬಗ್ಗೆ ಮನುಷ್ಯರು ಇಷ್ಟು ತಲೆ ಕೆಡಿಸಿಕೊಳ್ಳುತ್ತಾರೆ. ಅದೇ ಮನುಷ್ಯರು ಇನ್ನೊಂದು ಹೊತ್ತಿನಲ್ಲಿ ಮುಂದಿನವರ ಪಾಲಿನ ನೀರನ್ನೂ ಮಣ್ಣನ್ನೂ ಖಾಲಿ ಮಾಡಲು ಹಿಂದೆಮುಂದೆ ನೋಡುವುದಿಲ್ಲ. ಈ ಎರಡೂ ಸ್ವಭಾವ ಒಂದೇ ತಲೆಯಲ್ಲಿ ಹೇಗೆ ಕೂಡಿಕೊಂಡಿವೆ ಎಂಬುದನ್ನು ಮನಶ್ಶಾಸ್ತ್ರದವರು ಕಳೆದ ಐವತ್ತು ವರ್ಷಗಳಲ್ಲಿ ಒಂದಿಷ್ಟು ಬಿಡಿಸಿ ನೋಡಿದ್ದಾರೆ. ಅವರ ಕೆಲಸ ಓದುತ್ತಾ ನನಗೆ ಗಟ್ಟಿಯಾದ ನಂಬಿಕೆ ಒಂದೇ. ಮುಂದಿನವರ ಮೇಲೆ ನಮಗೆ ಪ್ರೀತಿ ಇಲ್ಲ ಅಂತಲ್ಲ. ಅದು ತಾನಾಗಿ ಏಳುವುದಿಲ್ಲ, ಅಷ್ಟೇ. ಎಬ್ಬಿಸುವ ದಾರಿಗಳು ಬೇರೆ ಇವೆ. ಅವುಗಳಲ್ಲಿ ಕೆಲವು ನಮ್ಮ ಭಾಗಕ್ಕೆ ಬಹಳ ಹಿಂದಿನಿಂದಲೂ ಗೊತ್ತು.

ಉಪಕಾರದ ಹಿಂದೆ ಏನಿದೆ?

ಮೊದಲು ಹಳೆಯ ಪ್ರಶ್ನೆ. ನಿಜವಾದ ಪರೋಪಕಾರ ಅಂತ ಒಂದು ಇದೆಯಾ? ಎಲ್ಲ ಉಪಕಾರದ ಬುಡದಲ್ಲೂ ಸ್ವಾರ್ಥವೇ ಇರುತ್ತದೆ ಎಂದು ವಾದಿಸುವವರು ಎಲ್ಲ ಊರಲ್ಲೂ ಇದ್ದಾರೆ.

1964ರಲ್ಲಿ ಬ್ರಿಟನ್ನಿನ ಜೀವಶಾಸ್ತ್ರಜ್ಞ ಡಬ್ಲ್ಯು. ಡಿ. ಹ್ಯಾಮಿಲ್ಟನ್ ಒಂದು ಲೆಕ್ಕ ಕೊಟ್ಟರು. ನಮ್ಮ ಮಕ್ಕಳಲ್ಲಿ ನಮ್ಮ ಜೀನುಗಳ ಅರ್ಧ ಪಾಲು ಇರುತ್ತದೆ, ಮೊಮ್ಮಕ್ಕಳಲ್ಲಿ ಕಾಲು ಪಾಲು. ರಕ್ತ ಹತ್ತಿರವಾದಷ್ಟೂ ಅವರಿಗಾಗಿ ಕಷ್ಟಪಡುವ ಗುಣ ಪ್ರಕೃತಿಯಲ್ಲಿ ಉಳಿದುಕೊಳ್ಳುತ್ತದೆ. ಸರಿ. ಆದರೆ ಇದೇ ಲೆಕ್ಕವನ್ನು ಮುಂದಕ್ಕೆ ಎಳೆಯಿರಿ. ಹತ್ತನೇ ತಲೆಮಾರಿನ ಹೊತ್ತಿಗೆ ನಮ್ಮ ಪಾಲು ಸಾವಿರಕ್ಕೆ ಒಂದಕ್ಕೆ ಇಳಿದಿರುತ್ತದೆ. ಅಷ್ಟು ದೂರದ ಮೊಮ್ಮಗನಿಗೂ ಪಕ್ಕದ ಓಣಿಯ ಮಗುವಿಗೂ ರಕ್ತದ ಲೆಕ್ಕದಲ್ಲಿ ಹೆಚ್ಚಿನ ಫರಕು ಇಲ್ಲ.

1971ರಲ್ಲಿ ಅಮೆರಿಕದ ರಾಬರ್ಟ್ ಟ್ರಿವರ್ಸ್ ಎರಡನೇ ಕಾರಣ ಹೇಳಿದರು: ಇವತ್ತು ನಾನು ನಿನಗೆ, ನಾಳೆ ನೀನು ನನಗೆ. ಇದನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ. ಮದುವೆ ಮನೆಯಲ್ಲಿ ಮೂಲೆಗೆ ಕೂತು ಒಬ್ಬರು ಆಹೇರಿ ಬರೆದುಕೊಳ್ಳುತ್ತಿರುತ್ತಾರೆ. ಯಾರು ಸೀರೆ ತಂದರು, ಯಾರು ಟವೆಲ್ಲು-ಟೊಪ್ಪಿಗೆ ತಂದರು, ಯಾರು ಎಷ್ಟು ರೊಕ್ಕ ಹಾಕಿದರು. ಆ ವಹಿಯನ್ನು ವರ್ಷಗಟ್ಟಲೆ ಜೋಪಾನ ಮಾಡುತ್ತಾರೆ. ಕೊಟ್ಟವರ ಮನೆಯ ಮದುವೆಗೆ ಹೋಗುವ ಮುಂಚೆ ತೆಗೆದು ನೋಡುತ್ತಾರೆ. ಸುಗ್ಗಿಯಲ್ಲಿ ಮುಯ್ಯಾಳಾಗಿ, ಅಂದರೆ ಕೂಲಿ ಇಲ್ಲದೆ ಒಬ್ಬರ ಹೊಲಕ್ಕೆ ಇನ್ನೊಬ್ಬರು ಕೆಲಸಕ್ಕೆ ಹೋಗುವುದೂ ಇದೇ ಲೆಕ್ಕ. ಈ ಗುಣಕ್ಕೆ ಒಂದು ಚೌಕಟ್ಟು ಹಾಕಿದರೆ ಎಷ್ಟು ದೂರ ಹೋಗುತ್ತದೆ ಎಂಬುದನ್ನು ಗದಗ ಹತ್ತಿರದ ಕಣಗಿನಹಾಳ ತೋರಿಸಿತು. 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಅಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಕರ್ನಾಟಕದ ಸಹಕಾರ ಚಳವಳಿಯ ಕಥೆ ಶುರುವಾಗುವುದೇ ಆ ಊರಿನಿಂದ.

ಆದರೆ ಇನ್ನೂ ಹುಟ್ಟದವರ ಹೆಸರು ಯಾವ ಆಹೇರಿ ವಹಿಯಲ್ಲೂ ಇರುವುದಿಲ್ಲ. ಅವರು ನಮಗೆ ತಿರುಗಿ ಕೊಡಲಾರರು. ನಮ್ಮನ್ನು ಹೊಗಳಲಾರರು, ಬೈಯಲೂ ಆಗದು. ಹಾಗಾದರೆ ಇವೆರಡನ್ನೂ ಬಿಟ್ಟು ಮೂರನೆಯದು ಏನಾದರೂ ಇದೆಯಾ?

ಇದೆ ಎಂದು ತೋರಿಸಲು ಕಾನ್ಸಾಸ್ ವಿಶ್ವವಿದ್ಯಾಲಯದ ಡೇನಿಯಲ್ ಬ್ಯಾಟ್ಸನ್ ಬಹಳ ವರ್ಷ ದುಡಿದರು. ಅವರು ಮತ್ತು ಸಂಗಡಿಗರು 1981ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಒಬ್ಬ ವಿದ್ಯಾರ್ಥಿನಿ ಟಿವಿ ಪರದೆಯಲ್ಲಿ ಇನ್ನೊಬ್ಬಳನ್ನು ನೋಡುತ್ತಾಳೆ. ಅವಳ ಹೆಸರು ಇಲೇನ್. ಇಲೇನ್‌ಗೆ ಆಗಾಗ ಕರೆಂಟಿನ ಶಾಕ್ ಕೊಡುತ್ತಾರೆ, ಅವಳು ನರಳುತ್ತಾಳೆ. ನಿಜಕ್ಕೂ ಅದು ನಟನೆ, ಆದರೆ ನೋಡುವವಳಿಗೆ ಗೊತ್ತಿಲ್ಲ. ಸ್ವಲ್ಪ ಹೊತ್ತಿಗೆ ಅವಳನ್ನು ಕೇಳುತ್ತಾರೆ: ಇಲೇನ್ ಬದಲು ನೀನು ಹೋಗಿ ಕೂರುತ್ತೀಯಾ?

ಪ್ರಯೋಗದ ಜಾಣತನ ಮುಂದೆ ಇದೆ. ಕೆಲವರಿಗೆ ತಪ್ಪಿಸಿಕೊಳ್ಳುವುದು ಸಲೀಸು. 'ಒಲ್ಲೆ' ಅಂದರೆ ಎದ್ದು ಮನೆಗೆ ಹೋಗಬಹುದು. ಉಳಿದವರು 'ಒಲ್ಲೆ' ಅಂದರೂ ಕೊನೆಯವರೆಗೆ ಕೂತು ಆ ನರಳಾಟ ನೋಡಲೇಬೇಕು. ನಾವು ಉಪಕಾರ ಮಾಡುವುದು ಬರೀ ನಮ್ಮ ಸಂಕಟ ತೀರಿಸಿಕೊಳ್ಳಲು ಆಗಿದ್ದರೆ, ಎದ್ದು ಹೋಗುವ ದಾರಿ ಇದ್ದವರು ಎದ್ದು ಹೋಗಬೇಕಿತ್ತು. 'ಇಲೇನ್ ನನ್ನಂಥವಳಲ್ಲ' ಎಂದು ನಂಬಿಸಿದ್ದ ಹುಡುಗಿಯರು ಹಾಗೇ ಮಾಡಿದರು. ಅವರಲ್ಲಿ ಮುಂದೆ ಬಂದವರು ಶೇ. 18 ಮಾತ್ರ. ಆದರೆ 'ಇಲೇನ್ ನನ್ನಂಥವಳೇ' ಎಂದು ಮನಸ್ಸಿಗೆ ಹತ್ತಿರ ಮಾಡಿದ್ದ ಗುಂಪಿನಲ್ಲಿ, ಬಾಗಿಲು ತೆರೆದೇ ಇದ್ದರೂ, ಶೇ. 91ರಷ್ಟು ಜನ ಶಾಕ್ ತಿನ್ನಲು ಒಪ್ಪಿದರು.

ಈ ಪ್ರಯೋಗದ ಬಗ್ಗೆ ವಾದಗಳು ಇನ್ನೂ ಮುಗಿದಿಲ್ಲ. ಆದರೂ ನನಗೆ ಅದರಲ್ಲಿ ದೊಡ್ಡ ಭರವಸೆ ಕಾಣುತ್ತದೆ. ಇನ್ನೊಬ್ಬರ ನೋವನ್ನು ಅವರ ಜಾಗದಲ್ಲಿ ನಿಂತು ನೋಡಿದಾಗ ಮನುಷ್ಯ ಲಾಭ-ನಷ್ಟದ ಲೆಕ್ಕ ಬಿಡುತ್ತಾನೆ. ತೊಡಕು ಇರುವುದು ಆ 'ಹತ್ತಿರ' ಎಂಬುದರಲ್ಲಿ.

ಮುಖವಿಲ್ಲದವರ ಕಷ್ಟ

2007ರಲ್ಲಿ ಡೆಬೊರಾ ಸ್ಮಾಲ್, ಜಾರ್ಜ್ ಲೋವೆನ್‌ಸ್ಟೈನ್ ಮತ್ತು ಪಾಲ್ ಸ್ಲೋವಿಕ್ ಒಂದು ಅಧ್ಯಯನ ಪ್ರಕಟಿಸಿದರು. ಸಮೀಕ್ಷೆಯಲ್ಲಿ ಪಾಲ್ಗೊಂಡವರ ಕೈಗೆ 5 ಡಾಲರ್ ಕೊಟ್ಟು, ಆಫ್ರಿಕಾದ ಹಸಿವಿಗೆ ದಾನ ಕೇಳಿದರು. ಒಂದು ಗುಂಪಿಗೆ ರೋಕಿಯಾ ಎಂಬ ಪುಟ್ಟ ಹುಡುಗಿಯ ಫೋಟೊ ಮತ್ತು ಕಥೆ ತೋರಿಸಿದರು. ಇನ್ನೊಂದು ಗುಂಪಿಗೆ ಎಷ್ಟು ಲಕ್ಷ ಜನ ಹಸಿದಿದ್ದಾರೆ ಎಂಬ ಅಂಕಿ-ಅಂಶ ಕೊಟ್ಟರು. ರೋಕಿಯಾಳಿಗೆ ಸರಾಸರಿ 2.38 ಡಾಲರ್ ಬಂತು. ಅಂಕಿ-ಅಂಶಕ್ಕೆ 1.14 ಡಾಲರ್. ಮೂರನೇ ಗುಂಪಿಗೆ ಎರಡನ್ನೂ ಒಟ್ಟಿಗೆ ಕೊಟ್ಟರು. ದಾನ ಇನ್ನೂ ಜಾಸ್ತಿ ಆಗಬೇಕಿತ್ತಲ್ವಾ? ಆಗಲಿಲ್ಲ, 1.43 ಡಾಲರಿಗೆ ಇಳಿಯಿತು. ಲಕ್ಷಗಳ ಮಾತು ಬಂದ ಕೂಡಲೇ ರೋಕಿಯಾಳ ಮುಖವೂ ಮಸುಕಾಯಿತು.

ಅವಸರ ಕೂಡ ಹೀಗೇ ಮಾಡುತ್ತದೆ. 1973ರಲ್ಲಿ ಜಾನ್ ಡಾರ್ಲಿ ಮತ್ತು ಇದೇ ಬ್ಯಾಟ್ಸನ್ ಪ್ರಿನ್ಸ್‌ಟನ್‌ನಲ್ಲಿ ಪಾದ್ರಿಯಾಗಲು ಓದುತ್ತಿದ್ದ ಹುಡುಗರನ್ನು ಪರೀಕ್ಷಿಸಿದರು. ದಾರಿಯಲ್ಲಿ ಒಬ್ಬ ಕುಸಿದು ಕೂತು ಕೆಮ್ಮುತ್ತಿದ್ದ. ಪುರುಸೊತ್ತಾಗಿ ಹೊರಟಿದ್ದವರಲ್ಲಿ ಶೇ. 63 ಜನ ನೆರವಿಗೆ ನಿಂತರು. ತಡವಾಯಿತು ಎಂದು ಓಡುತ್ತಿದ್ದವರಲ್ಲಿ ಶೇ. 10.

ಈಗ ಮುಂದಿನ ತಲೆಮಾರಿನವರನ್ನು ನೆನೆಯಿರಿ. ಅವರಿಗೆ ಮುಖ ಇಲ್ಲ, ಹೆಸರು ಇಲ್ಲ. ಎಷ್ಟು ಜನ ಎಂಬ ಅಂಕಿಯೂ ಇಲ್ಲ. ನಮಗೋ ಯಾವಾಗಲೂ ಅವಸರ. ಈ ಸಲದ ಬೆಳೆ, ಈ ತಿಂಗಳ ಕಂತು, ಮುಂದಿನ ಚುನಾವಣೆ. ನಮ್ಮ ಮನಸ್ಸನ್ನು ಎಬ್ಬಿಸುವ ಒಂದು ಗಂಟೆಯನ್ನೂ ಬಾರಿಸಲು ಅವರಿಗೆ ಆಗುವುದಿಲ್ಲ. ಜನ ಕೆಟ್ಟವರಾದ್ದರಿಂದ ಹೀಗಾಯಿತು ಎಂದು ನಾನು ಒಪ್ಪುವುದಿಲ್ಲ. ಕಣ್ಣೆದುರಿನವರಿಗೆ ಮಿಡಿಯುವ ಮನಸ್ಸು ಅಷ್ಟು ದೂರಕ್ಕೆ ತಲುಪುವುದಿಲ್ಲ.

ಇದಕ್ಕೆ ಅರ್ಥಶಾಸ್ತ್ರದ ಲೆಕ್ಕವೂ ಕೂಡಿಕೊಳ್ಳುತ್ತದೆ. ನಾಳೆಯ ನೂರು ರೂಪಾಯಿಗಿಂತ ಇವತ್ತಿನ ನೂರು ರೂಪಾಯಿಗೆ ಬೆಲೆ ಜಾಸ್ತಿ. ಅದು ಸರಿ. ಬಡ್ಡಿ ಇದೆ, ಬೆಲೆ ಏರಿಕೆ ಇದೆ. ಆದರೆ ಇದೇ ಕಡಿತವನ್ನು ಜೀವಗಳಿಗೂ ಹಾಕಿದರೆ? ವರ್ಷಕ್ಕೆ ಶೇ. 5ರಂತೆ ಕಳೆಯುತ್ತಾ ಹೋದರೆ ಇವತ್ತಿನ ಒಂದು ಜೀವ 100 ವರ್ಷದ ನಂತರದ 131 ಜೀವಕ್ಕೆ ಸಮ. 500 ವರ್ಷದ ನಂತರದ ಸುಮಾರು 3,900 ಕೋಟಿ ಜೀವಕ್ಕೆ ಸಮ. ಲೆಕ್ಕ ಸರಿಯಾಗಿಯೇ ಇದೆ, ಆದರೆ ಇದನ್ನು ಯಾವ ಮನುಷ್ಯನೂ ಬಾಯಿಬಿಟ್ಟು ಸಮರ್ಥಿಸಲಾರ. ಕೇಂಬ್ರಿಡ್ಜಿನ ಫ್ರ್ಯಾಂಕ್ ರ‍್ಯಾಮ್ಸೆ 1928ರಲ್ಲೇ, ತನ್ನ 25ನೇ ವಯಸ್ಸಿನಲ್ಲಿ, ಇದನ್ನು ಕಂಡುಹಿಡಿದು ಹೇಳಿದ. ನಾಳೆಯ ಸುಖ ನಾಳೆಯದು ಎಂಬ ಕಾರಣಕ್ಕೇ ಅದಕ್ಕೆ ಕಡಿಮೆ ಬೆಲೆ ಕಟ್ಟುವುದು ನೀತಿಯಲ್ಲ, ಅದು ನಮ್ಮ ಕಲ್ಪನೆಯ ಬಡತನ ಎಂದ.

ತತ್ವಶಾಸ್ತ್ರದ ಒಂದು ಗಂಟೂ ಇಲ್ಲಿದೆ. ಡೆರೆಕ್ ಪಾರ್ಫಿಟ್ 1984ರಲ್ಲಿ ಅದನ್ನು ಮುಂದಿಟ್ಟರು. ನಾವು ಇವತ್ತು ತೆಗೆದುಕೊಳ್ಳುವ ದೊಡ್ಡ ನಿರ್ಧಾರಗಳು ಮುಂದೆ ಯಾರು ಹುಟ್ಟುತ್ತಾರೆ ಎಂಬುದನ್ನೇ ಬದಲಿಸುತ್ತವೆ. ಗದಗಿನಲ್ಲಿ ಕೆಲಸ ಸಿಕ್ಕ ಹುಡುಗ ಗದಗಿನಲ್ಲೇ ಮದುವೆಯಾಗುತ್ತಾನೆ, ಸಿಗದಿದ್ದರೆ ಬೆಂಗಳೂರಿಗೆ ಹೋಗಿ ಬೇರೆಯವಳನ್ನು ಮದುವೆಯಾಗುತ್ತಾನೆ. ಮಕ್ಕಳೇ ಬೇರೆ. ಹಾಗಾದರೆ ಕೆಟ್ಟ ನಿರ್ಧಾರದ ನಂತರ ಹುಟ್ಟಿದವರು 'ನನಗೆ ಅನ್ಯಾಯ ಮಾಡಿದಿರಿ' ಎನ್ನಲು ಬರುತ್ತದೆಯೇ? ಆ ನಿರ್ಧಾರ ಇಲ್ಲದಿದ್ದರೆ ಅವರೇ ಇರುತ್ತಿರಲಿಲ್ಲ. ಪಂಡಿತರು ಇದನ್ನು ಇನ್ನೂ ಬಿಡಿಸುತ್ತಿದ್ದಾರೆ. ಪಾರ್ಫಿಟ್ ಅವರದೇ ಇನ್ನೊಂದು ಉದಾಹರಣೆ ನನಗೆ ಸಾಕು. ಕಾಡಿನಲ್ಲಿ ಒಡೆದ ಗಾಜು ಬಿಟ್ಟು ಬಂದೆ ಅಂತಿಟ್ಟುಕೊಳ್ಳಿ. 100 ವರ್ಷದ ಮೇಲೆ ಒಂದು ಮಗುವಿನ ಕಾಲಿಗೆ ಅದು ಚುಚ್ಚುತ್ತದೆ. ಗಾಯ ಗಾಯವೇ. ನೂರು ವರ್ಷ ಕಳೆಯಿತು ಎಂದು ನೋವು ಕಡಿಮೆ ಆಗುವುದಿಲ್ಲ.

ಪಡೆದದ್ದನ್ನು ಮುಂದಕ್ಕೆ ದಾಟಿಸುವುದು

ಇಷ್ಟೆಲ್ಲ ಅಡ್ಡಿ ಇದ್ದರೂ ಜನ ಮುಂದಿನವರಿಗಾಗಿ ಮಾಡುತ್ತಲೇ ಬಂದಿದ್ದಾರೆ. ಹೇಗೆ?

ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಕಿಂಬರ್ಲಿ ವೇಡ್-ಬೆನ್ಜೋನಿ ಈ ಒಂದೇ ಪ್ರಶ್ನೆಯ ಹಿಂದೆ ಬಿದ್ದವರು. ಅವರು ಕಂಡದ್ದು ಬಹಳ ಸರಳ. ಹಿಂದಿನವರು ನಮಗೆ ಒಳ್ಳೆಯದನ್ನು ಬಿಟ್ಟುಹೋಗಿದ್ದಾರೆ ಎಂದು ಗೊತ್ತಾದರೆ ನಾವೂ ಮುಂದಿನವರಿಗೆ ಬಿಡುತ್ತೇವೆ. ಹಿಂದಿನವರಿಗೆ ಸಾಲ ತೀರಿಸಲು ಆಗುವುದಿಲ್ಲ, ಅವರಿಲ್ಲ. ಆ ಋಣ ಮುಂದಕ್ಕೆ ಹರಿಯುತ್ತದೆ.

ಇದನ್ನು ನೋಡಲು ಗದಗಿನ ವೀರೇಶ್ವರ ಪುಣ್ಯಾಶ್ರಮಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಅದನ್ನು ಕಟ್ಟಿದ ಪಂಚಾಕ್ಷರಿ ಗವಾಯಿಗಳು ಹಾನಗಲ್ಲು ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದವರು, ಕಣ್ಣು ಕಾಣುತ್ತಿರಲಿಲ್ಲ. ಹಾನಗಲ್ಲ ಕುಮಾರ ಸ್ವಾಮಿಗಳು ಅವರಿಗೆ ಸಂಗೀತ ಕಲಿಯುವ ದಾರಿ ಮಾಡಿಕೊಟ್ಟರು. ಗವಾಯಿಗಳು ಆ ಉಪಕಾರವನ್ನು ಅಂಧ ಮಕ್ಕಳಿಗೆ, ಬಡ ಮಕ್ಕಳಿಗೆ ದಾಟಿಸಿದರು. ಅವರಲ್ಲಿ ಒಬ್ಬರು ಅದೇ ತಾಲೂಕಿನ ದೇವಗಿರಿಯ ಪುಟ್ಟರಾಜ ಗವಾಯಿಗಳು. ಅವರಿಗೂ ಕಣ್ಣಿರಲಿಲ್ಲ. 1944ರಲ್ಲಿ ಗುರುಗಳು ತೀರಿಕೊಂಡ ಮೇಲೆ ಪುಟ್ಟರಾಜರು ಆಶ್ರಮವನ್ನು ಹೆಗಲಿಗೆ ಹೊತ್ತರು. 2010ರಲ್ಲಿ ತಾವು ತೀರಿಕೊಳ್ಳುವವರೆಗೆ ಇಳಿಸಲಿಲ್ಲ. ಊಟ, ವಸತಿ, ಪಾಠ ಎಲ್ಲ ಉಚಿತ. ಇವತ್ತು ಧಾರವಾಡದ ಪಂಡಿತ್ ವೆಂಕಟೇಶ್ ಕುಮಾರರ ಹಾಡು ಕೇಳುವವರು ಕೇಳುತ್ತಿರುವುದು ಆ ಆಶ್ರಮದಲ್ಲಿ ಕಲಿತ ಸಂಗೀತ. ಪಂಚಾಕ್ಷರಿ ಗವಾಯಿಗಳು ತೀರಿಕೊಂಡಾಗ ವೆಂಕಟೇಶ್ ಕುಮಾರ್ ಹುಟ್ಟಿಯೇ ಇರಲಿಲ್ಲ.

ಇನ್ನೊಂದು ದಾರಿ ಸಾವಿನ ನೆನಪು. ಇದು ಕೇಳಲು ವಿಚಿತ್ರ ಅನ್ನಿಸಬಹುದು. ಸಾವನ್ನು ನೆನೆದರೆ 'ಇದ್ದಷ್ಟು ದಿನ ಉಂಡು ಬಿಡೋಣ' ಅನ್ನಿಸಬೇಕಲ್ವಾ? ವೇಡ್-ಬೆನ್ಜೋನಿ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಉಲ್ಟಾ ಆಯಿತು. ಸಾವಿನ ಬಗ್ಗೆ ಓದಿದವರು ಮುಂದಿನವರಿಗೆ ಹೆಚ್ಚು ಪಾಲು ಬಿಟ್ಟರು. 2015ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರು ಇನ್ನೂ ಸಣ್ಣ ಕೆಲಸ ಮಾಡಿದರು. 'ಮುಂದಿನವರು ನಿಮ್ಮನ್ನು ಯಾವುದಕ್ಕಾಗಿ ನೆನೆಯಬೇಕು?' ಎಂದು ನಾಲ್ಕು ಸಾಲು ಬರೆಸಿದರು. ಅಷ್ಟಕ್ಕೇ ಅವರು ಪರಿಸರದ ಸಂಸ್ಥೆಗೆ ಕೊಟ್ಟ ದಾನ ಹೆಚ್ಚಾಯಿತು.

ಲಕ್ಕುಂಡಿಯ ಅತ್ತಿಮಬ್ಬೆ ನನಗೆ ಇಲ್ಲಿ ನೆನಪಾಗುತ್ತಾಳೆ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವಳು. 1007ರಲ್ಲಿ ಅಲ್ಲಿ ಬ್ರಹ್ಮ ಜಿನಾಲಯ ಕಟ್ಟಿಸಿದಳು. ಅದಕ್ಕಿಂತ ದೊಡ್ಡ ಕೆಲಸ ಎಂದು ನಾನು ಎಣಿಸುವುದು ಬೇರೆ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಓಲೆಗರಿಯಲ್ಲಿ ಬರೆಯಿಸಿ ಹಂಚಿದಳು. ಅಚ್ಚಿನ ಯಂತ್ರ ಇಲ್ಲದ ಕಾಲ. ಒಂದೊಂದು ಪ್ರತಿಯೂ ಕೈಬರಹ. ಒಂದು ಪುಸ್ತಕ ಮುಂದಿನವರ ಕೈಗೆ ಸಿಗಲಿ ಎಂದು ಮಾಡಿದ ಈ ಏರ್ಪಾಟಿನಲ್ಲಿ ಅಕ್ಕರೆ ಎಷ್ಟಿದೆಯೋ ಬುದ್ಧಿಯೂ ಅಷ್ಟೇ ಇದೆ. ಒಂದೆರಡು ಪ್ರತಿ ಸುಟ್ಟುಹೋಗಬಹುದು, ಗೆದ್ದಲು ತಿನ್ನಬಹುದು. ಸಾವಿರ ಇದ್ದರೆ ಒಂದಾದರೂ ದಾಟುತ್ತದೆ.

ಒಳ್ಳೆಯತನ ಒಂದೇ ಸಾಲದು

ಇಷ್ಟಕ್ಕೇ ನಿಲ್ಲಿಸಿದರೆ ಮುಖ್ಯವಾದ ಮಾತು ಉಳಿದುಬಿಡುತ್ತದೆ. 2014ರಲ್ಲಿ ಆಲಿವರ್ ಹೌಸರ್, ಮಾರ್ಟಿನ್ ನೋವಾಕ್ ಮತ್ತಿತರರು ಒಂದು ಆಟ ಆಡಿಸಿದರು. ಐದು ಜನರ ಗುಂಪು, ಅದೇ ಒಂದು ತಲೆಮಾರು. ಮುಂದೆ 100 ಅಂಕಗಳ ಭಂಡಾರ. ಒಬ್ಬೊಬ್ಬರು 20ರವರೆಗೆ ತೆಗೆದುಕೊಳ್ಳಬಹುದು. ಐವರೂ ಸೇರಿ 50 ದಾಟದಿದ್ದರೆ ಭಂಡಾರ ಮತ್ತೆ ತುಂಬಿ ಮುಂದಿನ ಗುಂಪಿಗೆ ಸಿಗುತ್ತದೆ. ದಾಟಿದರೆ ಮುಂದಿನವರಿಗೆ ಸೊನ್ನೆ.

ಶೇ. 68ರಷ್ಟು ಜನ ಮಿತಿಯಲ್ಲೇ ತೆಗೆದುಕೊಂಡರು. ಅಂದರೆ ಹೆಚ್ಚಿನವರು ಒಳ್ಳೆಯವರೇ. ಆದರೂ ಹೆಚ್ಚಿನ ಭಂಡಾರಗಳು ಬರಿದಾದವು. ಐವರಲ್ಲಿ ಒಬ್ಬಿಬ್ಬರು ಜಾಸ್ತಿ ಬಾಚಿದರೆ ಉಳಿದವರ ಸಂಯಮ ನೀರಲ್ಲಿ ಹೋಮ. ಆಮೇಲೆ ನಿಯಮ ಬದಲಿಸಿದರು. ಒಬ್ಬೊಬ್ಬರು ಎಷ್ಟು ತೆಗೆಯಬೇಕು ಎಂದು ಐವರೂ ಮತ ಹಾಕಬೇಕು, ನಡುವಿನ ಅಂಕಿ ಎಲ್ಲರಿಗೂ ಅನ್ವಯ. ಭಂಡಾರ ಉಳಿಯಿತು. ಮತದ ತೀರ್ಮಾನ ಕೆಲವರಿಗಷ್ಟೇ ಅನ್ವಯಿಸಿದಾಗ ಈ ಫಲ ಸಿಗಲಿಲ್ಲ.

ಇದು ನವಲಗುಂದ, ರೋಣದ ಕಡೆಯ ಎರೆ ನೆಲದ ಊರುಗಳಿಗೆ ಮೊದಲೇ ಗೊತ್ತಿತ್ತು. ಅಲ್ಲಿ ಬಾವಿ ತೋಡಿದರೆ ಸವಳು ನೀರು. ಸಿಹಿ ನೀರಿಗೆ ಮಳೆಗಾಲದಲ್ಲಿ ತುಂಬುವ ಕೆರೆಯೇ ಗತಿ. ಅದಕ್ಕೇ ಕುಡಿಯುವ ನೀರಿನ ಕೆರೆಗೆ ಚಪ್ಪಲಿ ಹಾಕಿಕೊಂಡು ಇಳಿಯುವಂತಿಲ್ಲ, ಬಟ್ಟೆ ಒಗೆಯುವಂತಿಲ್ಲ, ದನ ಇಳಿಸುವಂತಿಲ್ಲ. ಗೌಡರ ಮನೆಯವರಿಗೂ ಅದೇ, ಕೂಲಿಯವರಿಗೂ ಅದೇ. ದಂಡೆಯ ಮೇಲೆ ಚಪ್ಪಲಿ ಬಿಟ್ಟು ಕೊಡ ಹಿಡಿದು ಇಳಿಯುವ ಹುಡುಗಿ ಮುಂದಿನ ತಲೆಮಾರಿನ ಚಿಂತೆ ಮಾಡಬೇಕಾಗಿಲ್ಲ. ಆ ಚಿಂತೆಯನ್ನು ನಿಯಮ ಮಾಡುತ್ತದೆ.

ಗದಗ ಜಿಲ್ಲೆಯ ಕಪ್ಪತಗುಡ್ಡದ ಕಥೆಯಲ್ಲಿ ಭಾವನೆ, ನಿಯಮ ಎರಡೂ ಕೂಡಿದವು. 2015ರಲ್ಲಿ ಅದಕ್ಕೆ ಸಂರಕ್ಷಿತ ಪ್ರದೇಶದ ಮಾನ್ಯತೆ ಸಿಕ್ಕಿತು, 2016ರಲ್ಲಿ ಸರ್ಕಾರ ಹಿಂದಕ್ಕೆ ತೆಗೆದುಕೊಂಡಿತು. ಚಿನ್ನದ ಗಣಿಗಾರಿಕೆಯ ಭಯ ಇತ್ತು. ಗದಗಿನ ತೋಂಟದಾರ್ಯ ಮಠದ ತೋಂಟದ ಸಿದ್ಧಲಿಂಗ ಸ್ವಾಮೀಜಿ ಮುಂದೆ ನಿಂತರು, ಗದಗಿನಲ್ಲಿ ಜನ ಧರಣಿ ಕೂತರು. 2017ರಲ್ಲಿ ಮಾನ್ಯತೆ ಮರಳಿತು. 2019ರಲ್ಲಿ ಸುಮಾರು 244 ಚದರ ಕಿ.ಮೀ. ವನ್ಯಜೀವಿ ಧಾಮವಾಯಿತು. ಸ್ವಾಮೀಜಿ ಅದನ್ನು ನೋಡಲಿಲ್ಲ, 2018ರಲ್ಲೇ ಲಿಂಗೈಕ್ಯರಾಗಿದ್ದರು. 'ಮುಂದಿನ ತಲೆಮಾರು' ಎಂದರೆ ಕಣ್ಣಿಗೆ ಏನೂ ಕಾಣುವುದಿಲ್ಲ. 'ಕಪ್ಪತಗುಡ್ಡ' ಎಂದರೆ ಕಾಣುತ್ತದೆ. ಅಲ್ಲಿಯ ಔಷಧಿ ಗಿಡಗಳು, ಗುಡ್ಡದ ಸಾಲು, ಮಳೆಗಾಲದ ಹಸಿರು ಜನರ ಮನಸ್ಸಿನಲ್ಲಿದ್ದವು. ಮುಖವಿಲ್ಲದವರಿಗೆ ಆ ಗುಡ್ಡ ಮುಖವಾಯಿತು.

2060ರ ಅಂಗಿ

ಜಪಾನಿನ ಅರ್ಥಶಾಸ್ತ್ರಜ್ಞ ತಾತ್ಸುಯೋಶಿ ಸೈಜೋ ಮತ್ತು ಸಂಗಡಿಗರು 2015ರಲ್ಲಿ ಇವಾಟೆ ಪ್ರಾಂತ್ಯದ ಯಾಹಾಬಾ ಎಂಬ ಸಣ್ಣ ಊರಿನಲ್ಲಿ ಒಂದು ಪ್ರಯತ್ನ ಮಾಡಿದರು. ಊರಿನ ಜನರನ್ನೇ ಗುಂಪು ಮಾಡಿ ಕೂರಿಸಿದರು. ಕೆಲವರು ಇವತ್ತಿನವರಾಗಿ ಮಾತಾಡಬೇಕು, ಉಳಿದವರು ತಾವು 2060ರ ನಿವಾಸಿಗಳು ಎಂದುಕೊಂಡು ಮಾತಾಡಬೇಕು. ಅವರಿಗೆ ಹಬ್ಬದ ಮೇಲಂಗಿಯನ್ನೂ ತೊಡಿಸಿದರು. ಇವತ್ತಿನವರು ಇವತ್ತಿನ ಕುಂದುಕೊರತೆ ಹೇಳಿದರು. ಅಂಗಿ ತೊಟ್ಟವರು ದೂರದ, ಕಷ್ಟದ ಯೋಜನೆಗಳನ್ನು ಎತ್ತಿದರು. ಹಳೇ ನೀರಿನ ಪೈಪುಗಳ ಭಾರ ಮುಂದಿನವರ ತಲೆಗೆ ಬೀಳಬಾರದು ಎಂದು ನೀರಿನ ದರ ಏರಿಸಲೂ ಆ ಊರಿನ ಜನ ಒಪ್ಪಿದರು.

ಇದನ್ನು ಹುಬ್ಬಳ್ಳಿ-ಧಾರವಾಡದ 82 ವಾರ್ಡುಗಳಲ್ಲಿ ಮಾಡಿ ನೋಡಬಹುದು. ಖರ್ಚು ಹೆಚ್ಚಿಲ್ಲ. ಅವಳಿ ನಗರದ ಕುಡಿಯುವ ನೀರು ಮುಖ್ಯವಾಗಿ ಬರುವುದು ಸವದತ್ತಿ ಬಳಿಯ ನವಿಲುತೀರ್ಥದ ಮಲಪ್ರಭೆಯಿಂದ. ವಾರಗಟ್ಟಲೆ ನಲ್ಲಿಗೆ ಕಾದು ಬ್ಯಾರಲ್ ತುಂಬಿಸಿದ ಅನುಭವ ಇಲ್ಲಿ ಬಹಳ ಮನೆಗಳಿಗಿದೆ. ವಾರ್ಡ್ ಸಭೆಯಲ್ಲಿ ಐದು ಜನ 2065ರವರಾಗಿ ಕೂರಲಿ. ಉಣಕಲ್ ಕೆರೆಗೆ ಚರಂಡಿ ನೀರು ಸೇರುವುದನ್ನು ಯಾವ ವರ್ಷ ನಿಲ್ಲಿಸಿದಿರಿ ಎಂದು ಕೇಳಲಿ. ಕೆಳಗೇರಿ ಕೆರೆಯ ಬಗ್ಗೆ ಕೇಳಲಿ.

ಆದರೆ ಒಂದು ಎಚ್ಚರ ಬೇಕು. ಕೆರೆಗೆ ಹಾರವಾದ ಭಾಗೀರಥಿಯ ಹಾಡು ನಮ್ಮ ಭಾಗದ ಹೆಣ್ಣುಮಕ್ಕಳ ಬಾಯಲ್ಲಿ ಉಳಿದು ಬಂದಿದೆ. ಗೌಡ ಕೆರೆ ಕಟ್ಟಿಸಿದ, ನೀರು ಬರಲಿಲ್ಲ, ಊರಿನ ಒಳಿತಿಗೆ ಬಲಿಯಾದದ್ದು ಕಿರಿಸೊಸೆ. ಅವಳನ್ನು ಕೇಳದೆಯೇ ನಿರ್ಧಾರ ಆಗಿತ್ತು. ಮುಂದಿನವರಿಗಾಗಿ ಎಂಬ ಮಾತು ಬಂದಾಗಲೆಲ್ಲ ಬೆಲೆ ತೆರುವವರು ಯಾರು ಎಂದು ನೋಡಲೇಬೇಕು. ನೀರಿನ ದರ ಏರಿಸುವುದಾದರೆ, ಮನೆಯಲ್ಲಿ ಬೋರ್‌ವೆಲ್ಲು, ಕಾರು ತೊಳೆಯಲು ಪೈಪು ಇದ್ದವರಿಗೂ, ಎರಡು ಬ್ಯಾರಲ್‌ನಲ್ಲಿ ವಾರ ಕಳೆಯುವವರಿಗೂ ಒಂದೇ ದರ ಹಾಕುವುದು ತಪ್ಪು. ಆದ್ದರಿಂದ ಆ ಸಭೆಯಲ್ಲಿ 2065ರವರ ಕುರ್ಚಿಗಳ ಪಕ್ಕದಲ್ಲೇ, ಎರಡು ಬ್ಯಾರಲ್‌ನ ಮನೆಯವರಿಗೂ ಅಷ್ಟೇ ಕುರ್ಚಿ ಹಾಕಬೇಕು. ದರ ಎಷ್ಟು ಎಂಬ ಚರ್ಚೆ ಅವರೂ ಬಂದು ಕೂತ ಮೇಲೆ ಶುರುವಾಗಲಿ.